ಬೇಲದಮ್ಮ ಬಲಕ್ಕೆ ಕೊಟ್ಟ ಹೂ

ಸೋಂಪುರದ ಕೈಗಾರಿಕಾ ಪ್ರದೇಶಕ್ಕೆ ಮಾಲು ತರುವವರಲ್ಲಿ ಮುನಿಕೃಷ್ಣನ ಹೆಸರು ಕೇಳಿ ಮುಖ ಹುಳ್ಳಗೆ ಮಾಡಿಕೊಳ್ಳದವರೇ ಇರಲಿಲ್ಲ. ಗಾಡಿಗಳ ಬಿಡಿಭಾಗ ಮಾಡುವ ಕಾರ್ಖಾನೆಯೊಂದರಲ್ಲಿ ಅವನು ಇಪ್ಪತ್ತೆರಡು ವರ್ಷದಿಂದ ಕ್ವಾಲಿಟಿ ಇನ್ಸ್‌ಪೆಕ್ಟರು. ಹೊರಗಿನಿಂದ ಬಂದ ಪಿನ್ನು, ಬುಶ್ಶುಗಳನ್ನು ಅಳೆದು ಸರಿಯಿದ್ದರೆ ಒಳಗೆ ಬಿಡುವುದು, ಇಲ್ಲದಿದ್ದರೆ ಕೆಂಪು ಚೀಟಿ ಅಂಟಿಸಿ ವಾಪಸ್ಸು ಕಳಿಸುವುದು ಅವನ ಕೆಲಸ. ಕೆಂಪು ಚೀಟಿ ಅಂಟಿಸುವಾಗ ಅವನ ಮುಖದಲ್ಲಿ ಒಂದು ತೃಪ್ತಿ ಕಾಣುತ್ತಿತ್ತು. ಹೆಂಡತಿ ಶಶಿರೇಖಾಳ ಅಡುಗೆ ಉಂಡಾಗಲೂ ಅಂಥ ತೃಪ್ತಿ ಅವನ ಮುಖದಲ್ಲಿ ಕಂಡವರಿಲ್ಲ.

ಒಮ್ಮೆ ಪೀಣ್ಯದಿಂದ ಮುರಳಿ ಎಂಬವನು ನಾಲ್ಕು ಸಾವಿರ ಪಿನ್ನು ತಂದಿದ್ದ. ಮುನಿಕೃಷ್ಣ ಡಬ್ಬಿಯ ಅಡಿಯಿಂದ ಒಂದು ಹಿಡಿ ತೆಗೆದು ಅಳೆಯತೊಡಗಿದ. ಮುರಳಿಗೆ ತಡವಾಗುತ್ತಿತ್ತು.

"ದೇವರಾಣೆಗೂ ಎಲ್ಲಾ ಪೀಸೂ ನೋಡೇ ಕಳ್ಸಿದೀವಿ ಸಾರ್," ಎಂದ.

"ದೇವರಾಣೆ ಅಂದ್ರೆ ಎಷ್ಟು ಮೈಕ್ರಾನಪ್ಪಾ?" ಎಂದು ಮುನಿಕೃಷ್ಣ ತಲೆಯೆತ್ತದೆ ಕೇಳಿದ.

ಆ ಮಾತು ಸೋಂಪುರದ ಕಾರ್ಖಾನೆಗಳಲ್ಲೆಲ್ಲ ಓಡಾಡಿತು. ನಾಲ್ಕು ಸಾವಿರ ಪಿನ್ನೂ ವಾಪಸ್ಸು ಹೋದವು. ಆಯುಧಪೂಜೆಯ ದಿನ ಕೂಡ ಅಷ್ಟೇ. ಎಲ್ಲ ಯಂತ್ರಗಳಿಗೂ ಕುಂಕುಮ ಬೀಳುತ್ತಿತ್ತು, ಮುನಿಕೃಷ್ಣನ ಅಳತೆಯ ಗೇಜುಗಳಿಗೆ ಮಾತ್ರ ಬೀಳುತ್ತಿರಲಿಲ್ಲ. "ಕುಂಕುಮಕ್ಕೂ ಒಂದು ದಪ್ಪ ಇರ್ತದೆ ಕಣ್ರಯ್ಯ, ಅಳತೆ ಕೆಡ್ತದೆ," ಎಂದು ಅವನು ಗೇಜಿನ ಪೆಟ್ಟಿಗೆಗೆ ಹೊರಗಿನಿಂದಲೇ ಹೂವಿಟ್ಟು ಕೈ ಮುಗಿಯುತ್ತಿದ್ದ.

ಸಂಜೆ ಐದೂವರೆಗೆ ಕಾರ್ಖಾನೆಯ ಗೇಟು ದಾಟಿ, ಬೈಕು ಹತ್ತಿ, ಎಂಟು ಕಿಲೋಮೀಟರು ದೂರದ ಗುಳ್ಳಯ್ಯನಪಾಳ್ಯಕ್ಕೆ ಬಂದ ಮೇಲೆ ಇದೇ ಮನುಷ್ಯ ಬೇರೆಯಾಗುತ್ತಿದ್ದ. ಊರಾಚೆ ಬೇಲದ ಮರದ ಕೆಳಗೆ ಬೇಲದಮ್ಮನ ಗುಡಿ. ಮಂಗಳವಾರ ಮತ್ತು ಶುಕ್ರವಾರ ಅಲ್ಲಿ ಹೂ ಕೇಳುತ್ತಾರೆ. ಪೂಜಾರಿ ಗೋವಿಂದರಾಜು ಅಮ್ಮನ ಎರಡು ಭುಜದ ಮೇಲೂ ನೀರಲ್ಲಿ ಅದ್ದಿದ ಕಣಗಿಲೆ ಹೂ ಅಂಟಿಸುತ್ತಾನೆ. ಕೇಳುವವರು ಮನಸ್ಸಿನಲ್ಲಿರುವುದನ್ನು ಕೇಳಿ ಕೈಮುಗಿದು ಕೂರುತ್ತಾರೆ. ಬಲಗಡೆ ಹೂ ಬಿದ್ದರೆ ಹೌದು, ಎಡಗಡೆ ಬಿದ್ದರೆ ಇಲ್ಲ. ಮುನಿಕೃಷ್ಣ ಈ ಎರಡು ಉತ್ತರಗಳ ಮೇಲೆ ತನ್ನ ಇಡೀ ಬದುಕನ್ನು ಕಟ್ಟಿಕೊಂಡಿದ್ದ.

ಐಟಿಐ ಮುಗಿಸಿದಾಗ ಈ ಕೆಲಸಕ್ಕೆ ಅರ್ಜಿ ಹಾಕಲೇ ಎಂದು ಅಮ್ಮನನ್ನು ಕೇಳಿದ್ದ. ಬಲಕ್ಕೆ ಹೂ ಆಯಿತು, ಕೆಲಸವೂ ಆಯಿತು. ಅದೇ ವಾರ ಅದೇ ಕಾರ್ಖಾನೆಗೆಂದು ಊರಿನ ಇನ್ನೂ ಒಂಬತ್ತು ಹುಡುಗರಿಗೆ ಬಲಕ್ಕೇ ಹೂ ಆಗಿತ್ತು. ಅವರಲ್ಲಿ ಯಾರಿಗೂ ಕೆಲಸ ಸಿಗಲಿಲ್ಲ. ಆ ಒಂಬತ್ತು ಹೂಗಳ ಲೆಕ್ಕ ಯಾರೂ ಇಟ್ಟುಕೊಳ್ಳಲಿಲ್ಲ, ಮುನಿಕೃಷ್ಣನ ಹೂ ಮಾತ್ರ ಇವತ್ತಿಗೂ ಊರಿನ ಬಾಯಲ್ಲಿದೆ.

ಅವನಿಗೆ ಹೆಣ್ಣು ಗೊತ್ತುಮಾಡಿದ್ದೂ ಅಮ್ಮನೇ. ಮೊದಲು ನೋಡಿದ ಮೂರು ಹೆಣ್ಣುಗಳಿಗೆ ಎಡಕ್ಕೆ ಹೂ ಬಿತ್ತು. ನಾಲ್ಕನೆಯವಳಾದ ಶಶಿರೇಖಾಳ ಹೆಸರು ಹೇಳಿದಾಗ ಒಂದು ಗಂಟೆ ಕಾದರೂ ಯಾವ ಕಡೆಯೂ ಹೂ ಬೀಳಲಿಲ್ಲ. ಕೊನೆಗೆ ಗೋಡೆಯಿಂದ ಒಂದು ಹಲ್ಲಿ ಅಮ್ಮನ ಬಲಭುಜದ ಮೇಲೆ ಹಾರಿ ಓಡಿಹೋಯಿತು, ಹೂ ಬಿತ್ತು. ತಾಯಿಯೇ ಹಲ್ಲಿಯ ರೂಪದಲ್ಲಿ ಬಂದಳು ಎಂದು ಎಲ್ಲರೂ ಕೈಮುಗಿದರು. ಈ ಸಂಗತಿ ಶಶಿರೇಖಾಳಿಗೆ ಗೊತ್ತಾದದ್ದು ಮದುವೆಯಾಗಿ ಆರು ತಿಂಗಳ ಮೇಲೆ. ಅಂದಿನಿಂದ ಅವಳು ಗಂಡನ ಮೇಲೆ ಸಿಟ್ಟು ಬಂದಾಗೆಲ್ಲ ಅಡುಗೆಮನೆಯ ಹಲ್ಲಿಗಳನ್ನು ಬೈಯುತ್ತಿದ್ದಳು.

ಮನೆಯಲ್ಲಿ ಆರು ಜನ. ಮುನಿಕೃಷ್ಣ, ಶಶಿರೇಖಾ, ನೆಲಮಂಗಲದ ಕಾಲೇಜಿಗೆ ಹೋಗುತ್ತಿದ್ದ ಮಗಳು ಅಕ್ಷತ, ಅವನ ತಾಯಿ ಕದಿರಮ್ಮ, ತಮ್ಮ ವೇಣುಗೋಪಾಲ, ಮೂರು ವರ್ಷದ ಹಿಂದೆ ಸಮೇತನಹಳ್ಳಿ ಕಡೆಯಿಂದ ಮದುವೆಯಾಗಿ ಬಂದ ತಮ್ಮನ ಹೆಂಡತಿ ಪದ್ಮಶ್ರೀ. ಇದ್ದ ನಾಲ್ಕೆಕರೆಯಲ್ಲಿ ರಾಗಿ, ಅವರೆ ಬೆಳೆಯುತ್ತಿದ್ದರು. ಒಲೆ ಒಂದೇ, ಜಗಳವೂ ಅಳತೆ ಮೀರದೆ ನಡೆದುಕೊಂಡು ಹೋಗುತ್ತಿತ್ತು.

ಹೋದ ವರ್ಷ ಶಿವರಾತ್ರಿ ಕಳೆದು ವಾರಕ್ಕೆ ಕದಿರಮ್ಮನ ಕತ್ತು ಬೋಳಾಗಿರುವುದು ಶಶಿರೇಖಾಳ ಕಣ್ಣಿಗೆ ಬಿತ್ತು. ಆ ಕತ್ತಿನಲ್ಲಿ ನಲವತ್ತು ವರ್ಷದಿಂದ ಎರಡೆಳೆ ಸರ ಇತ್ತು.

"ಅತ್ತೆ, ಸರ ಎಲ್ಲಿ?"

ಕದಿರಮ್ಮ ಕತ್ತು ಮುಟ್ಟಿಕೊಂಡಳು. ಸೆರಗು ಎಳೆದುಕೊಂಡಳು. "ಅಯ್ಯೋ, ಎಲ್ಲೋಯ್ತೋ ಕಾಣೆ ಕಣವ್ವ," ಎಂದಳು.

ಮನೆಯೆಲ್ಲ ಹುಡುಕಿದರು. ಹಾಸಿಗೆ ಕೊಡವಿದರು, ಬಚ್ಚಲು ಕೆದಕಿದರು. ಪೊಲೀಸರಿಗೆ ಹೇಳೋಣವೆಂದು ವೇಣುಗೋಪಾಲ ಎರಡು ಸಲ ಹೇಳಿದ. ಮುನಿಕೃಷ್ಣ ನಕ್ಕ.

"ಪೊಲೀಸ್ರು ಏನ್ ಕಂಡಿದಾರ್ಲಾ? ಅವ್ರು ನಾಕ್ ಜನನ ಕೇಳಿ ಊಹೆ ಮಾಡ್ತಾರೆ. ನಮ್ ತಾಯಿ ಕಣ್ಣಾರೆ ನೋಡಿರ್ತಾಳೆ."

ಶುಕ್ರವಾರ ಬೆಳಗ್ಗೆ ಅವನು ಒಂದು ಪಟ್ಟಿ ಮಾಡಿದ. ಕಾರ್ಖಾನೆಯ ಶಿಸ್ತು ಅದರಲ್ಲಿ ಎದ್ದು ಕಾಣುತ್ತಿತ್ತು. ಸರ ಕಳೆದ ವಾರದಲ್ಲಿ ಮನೆಯೊಳಗೆ ಕಾಲಿಟ್ಟವರೆಲ್ಲ ಅದರಲ್ಲಿದ್ದರು. ಮೊದಲು ಹೊರಗಿನವರು: ಪಂಪಿನ ಮೋಟಾರು ರಿಪೇರಿಗೆ ಬಂದಿದ್ದ ಬೀರೇಶ್, ಪಾತ್ರೆ ತೊಳೆಯಲು ಬರುವ ಮುನಿಲಕ್ಷ್ಮಮ್ಮ. ಆಮೇಲೆ ಮನೆಯವರು: ತಮ್ಮ, ಹೆಂಡತಿ, ಮಗಳು. ಕೊನೆಗೆ, ಮನೆಗೆ ಎಲ್ಲರಿಗಿಂತ ಈಚೆಗೆ ಬಂದವಳೆಂದು, ಪದ್ಮಶ್ರೀ.

ಅಕ್ಷತ ಪಟ್ಟಿ ಇಣುಕಿ ನೋಡಿ, "ನಿನ್ ಹೆಸರು ಎಲ್ಲಪ್ಪ?" ಎಂದಳು.

"ನಾನು ಇನ್ಸ್‌ಪೆಕ್ಟರು ಕಣಮ್ಮ. ಅಳೆಯೋನನ್ನೇ ಯಾರಾದ್ರೂ ಅಳೀತಾರಾ?"

ಗುಡಿಯಲ್ಲಿ ಗೋವಿಂದರಾಜು ಹೂ ಅಂಟಿಸಿದ. ಮುನಿಕೃಷ್ಣ ಒಂದೊಂದೇ ಹೆಸರು ಹೇಳಿದ, ಒಂದೊಂದಕ್ಕೂ ಹತ್ತು ನಿಮಿಷ ಕಾದ. ಬೀರೇಶನ ಹೆಸರಿಗೆ ಹೂ ಅಲುಗಲಿಲ್ಲ. ಮುನಿಲಕ್ಷ್ಮಮ್ಮನಿಗೂ ಇಲ್ಲ. ಅಮ್ಮ ಮೌನವಾಗಿದ್ದರೆ ಆ ಹೆಸರು ಬಿಟ್ಟು ಮುಂದಕ್ಕೆ ಹೋಗುವುದು ರೂಢಿ. ಹೂಗಳು ಅವೇ, ಬದಲಾಯಿಸುವುದಿಲ್ಲ. ಐದು ಹೆಸರು ಮುಗಿಯುವ ಹೊತ್ತಿಗೆ ಮುಕ್ಕಾಲು ಗಂಟೆ ಮೀರಿತ್ತು. ಹೊರಗೆ ಬಿಸಿಲು ಏರಿತ್ತು, ಅಮ್ಮನ ಬಲಗಡೆಯ ದೀಪಕ್ಕೆ ಗೋವಿಂದರಾಜು ಎರಡು ಸಲ ಎಣ್ಣೆ ಹೊಯ್ದಿದ್ದ. ಬೆಳಗ್ಗೆ ನೀರು ತೊಟ್ಟಿಕ್ಕುತ್ತಿದ್ದ ಕಣಗಿಲೆ ಒಣಗಿ ಮುದುರಿತ್ತು. ಮುನಿಕೃಷ್ಣ ಆರನೆಯ ಹೆಸರು ಹೇಳಿದ. ಹೂ ಪಟ್ಟನೆ ಬಲಕ್ಕೆ ಬಿತ್ತು.

ಅವನು ಮನೆಗೆ ಬಂದು ಯಾರ ಮುಖವನ್ನೂ ನೋಡದೆ, ಅಂಗಳದ ಮಧ್ಯೆ ನಿಂತು ಹೇಳಿದ: "ಪದ್ಮಾ, ತಂದು ಕೊಟ್ಬಿಡಮ್ಮ. ಯಾರೂ ಏನೂ ಅನ್ನಲ್ಲ."

ಪದ್ಮಶ್ರೀಗೆ ಮೊದಲು ಅರ್ಥವೇ ಆಗಲಿಲ್ಲ. ಅರ್ಥವಾದಾಗ ಅಳುತ್ತಾಳೆಂದು ಎಲ್ಲರೂ ಕಾದರು. ಅವಳು ಅಳಲಿಲ್ಲ. ದಾಬಸ್‌ಪೇಟೆಯ ಹತ್ತಿರದ ಕಾರ್ಖಾನೆಯೊಂದರಲ್ಲಿ ಪ್ಯಾಕಿಂಗ್ ಕೆಲಸ ಮಾಡುವವಳು, ಸಂಜೆ ಗೇಟಿನಲ್ಲಿ ದಿನಾ ಚೀಲ ಬಿಚ್ಚಿ ತೋರಿಸಿ ಬರುವವಳು. ತನ್ನ ಟ್ರಂಕು, ಬೀರು, ಕೈಚೀಲ ಮೂರನ್ನೂ ಅಂಗಳಕ್ಕೆ ತಂದು ಸುರಿದಳು.

"ಹುಡುಕಿ ಭಾವ."

"ಹುಡ್ಕೋದು ಯಾಕಮ್ಮ? ತಾಯಿ ಹೇಳಾಯ್ತಲ್ಲ."

"ನೀವು ಹುಡುಕಿ. ಸಿಗದಿದ್ರೆ ನಾನು ತಗೊಂಡಿಲ್ಲ ಅಂತ ತಾನೇ?"

"ಸಿಗದಿದ್ರೆ ಬೇರೆ ಕಡೆ ಇಟ್ಟಿದೀಯ ಅಂತ," ಎಂದ ಮುನಿಕೃಷ್ಣ. ಡಬ್ಬಿಯ ಅಡಿಯ ಪಿನ್ನನ್ನೂ ಅಳೆಯದೆ ಬಿಡದವನು, ತನ್ನ ಕಾಲ ಬಳಿ ಸುರಿದಿದ್ದ ಬಟ್ಟೆಗಳತ್ತ ಬಗ್ಗಿಯೂ ನೋಡಲಿಲ್ಲ.

ಕದಿರಮ್ಮ ಹೊಸ್ತಿಲ ಮೇಲೆ ಕೂತಿದ್ದಳು. ಏನೋ ಹೇಳಲು ಬಾಯಿ ತೆರೆದಳು, ಮಗನ ಕೈಯಲ್ಲಿದ್ದ ಪ್ರಸಾದದ ಹೂ ನೋಡಿ ಮುಚ್ಚಿಕೊಂಡಳು.

ಆ ಸಂಜೆಯೇ ಮುನಿಕೃಷ್ಣ ನೆಂಟರ ವಾಟ್ಸಾಪ್ ಗುಂಪಿನಲ್ಲಿ ಒಂದು ಧ್ವನಿ ಸಂದೇಶ ಹಾಕಿದ: ಸರ ತೆಗೆದವರು ಯಾರೆಂದು ತಾಯಿ ತೋರಿಸಿದ್ದಾಳೆ, ಹೊಸದಾಗಿ ಮನೆಗೆ ಬಂದವರಿಂದ ಇಂಥದ್ದು ಆಗಬಾರದಿತ್ತು. ಎಂಬತ್ತೇಳು ಜನರಿದ್ದ ಗುಂಪು. ಅರವತ್ತು ಜನ ಕೈಮುಗಿದ ಚಿತ್ರ ಹಾಕಿದರು. ವಾರದೊಳಗೆ ವೇಣುಗೋಪಾಲ ದಾಬಸ್‌ಪೇಟೆಯಲ್ಲಿ ಬಾಡಿಗೆ ಮನೆ ಹಿಡಿದು ಹೆಂಡತಿಯನ್ನು ಕರೆದುಕೊಂಡು ಹೊರಟುಹೋದ. ಹೋಗುವಾಗ ಅಣ್ಣನ ಜೊತೆ ಮಾತಾಡಲಿಲ್ಲ.

ಆದರೆ ಪದ್ಮಶ್ರೀಯೂ ದೇವರಿಲ್ಲದ ಊರಿನಿಂದ ಬಂದವಳಲ್ಲ. ತವರಿಗೆ ಹೋಗಿ, ತಮ್ಮ ಮನೆದೇವರ ಮುಂದೆ ಅವಳೂ ಹೂ ಕೇಳಿದಳು. ಅಲ್ಲಿನ ದೇವರು, ಇವಳು ತೆಗೆದಿಲ್ಲ ಎಂದು ಮೊದಲ ಸಲಕ್ಕೇ ಬಲಕ್ಕೆ ಹೂ ಕೊಟ್ಟಿತು. ಹಾಗಾದರೆ ತೆಗೆದವರು ಯಾರು ಎಂದು ಅವಳ ತಂದೆ ಅಪ್ಪಯ್ಯಣ್ಣ ಒಂದೊಂದೇ ಹೆಸರು ಕೇಳಿಸಿದರು. ಬಲಕ್ಕೆ ಹೂ ಬಿದ್ದದ್ದು ಮುನಿಕೃಷ್ಣನ ಹೆಸರಿಗೆ. ಅಪ್ಪಯ್ಯಣ್ಣ ಇದನ್ನು ತಮ್ಮ ಕಡೆಯ ಗುಂಪಿನಲ್ಲಿ ಹಾಕಿದರು. ಅಲ್ಲಿಯೂ ಜನ ಕೈಮುಗಿದರು. ಎರಡು ಗುಂಪಿನಲ್ಲೂ ಇದ್ದ ಕೆಲವರು ಎರಡೂ ಕಡೆ ಕೈಮುಗಿದಿದ್ದರು.

ಸುದ್ದಿ ತಿಳಿದು ಮುನಿಕೃಷ್ಣ ಕೆಂಡವಾದ. "ಯಾವುದೋ ಊರಿನ ದೇವ್ರು, ನಮ್ಮನೆ ವಿಷಯ ಅದಕ್ಕೇನ್ ಗೊತ್ತು?" ಎಂದು ಊಟದ ತಟ್ಟೆಯ ಮುಂದೆ ಕೂಗಾಡಿದ. "ಅವರ ಹೂವೇ ಸರಿಯಿಲ್ಲ."

ಅಕ್ಷತ ಅಪ್ಪನ ಎದುರು ಕೂತಿದ್ದಳು. "ಅಪ್ಪ, ಒಂದೇ ಪಿನ್ನನ್ನ ಎರಡು ಗೇಜಲ್ಲಿ ಅಳೀತೀಯ ಅಂದ್ಕೋ. ಒಂದು ಸರಿ ಅಂತದೆ, ಇನ್ನೊಂದು ಇಲ್ಲ ಅಂತದೆ. ಏನ್ಮಾಡ್ತೀಯ?"

ಕೆಲಸದ ಮಾತು ಬಂದರೆ ಮುನಿಕೃಷ್ಣನ ದನಿ ತಾನಾಗಿಯೇ ಶಾಂತವಾಗುತ್ತಿತ್ತು. "ಎರಡನ್ನೂ ಪಕ್ಕಕ್ಕಿಡ್ತೀನಿ. ಅಳತೆ ಮೊದಲೇ ಗೊತ್ತಿರೋ ಪೀಸ್ ಇರ್ತದಲ್ಲ, ಮಾಸ್ಟರು, ಅದನ್ನ ತಂದು ಎರಡ್ರಲ್ಲೂ ಹಾಕಿ ನೋಡ್ತೀನಿ. ಗೊತ್ತಿರೋದನ್ನೇ ತಪ್ಪು ಹೇಳೋ ಗೇಜು, ಗೊತ್ತಿಲ್ದಿರೋದನ್ನ ಸರಿ ಹೇಳ್ತದಾ?"

"ಹೂಗೂ ಹಂಗೇ ಮಾಡು."

"ಬಾಯ್ಮುಚ್ಚೆ."

ಬಾಯಿ ಅವಳು ಮುಚ್ಚಿದಳು, ಆದರೆ ಮಾತು ಅವನ ಒಳಗೆ ಹೋಗಿ ಕೂತಿತ್ತು. ಕಾರ್ಖಾನೆಯಲ್ಲಿ ಪ್ರತಿ ಸೋಮವಾರ ಮಾಸ್ಟರು ತೆಗೆದು ಗೇಜು ಪರೀಕ್ಷಿಸುವಾಗ ಅದು ಕಚ್ಚುತ್ತಿತ್ತು. ಇಪ್ಪತ್ತೆರಡು ವರ್ಷದ ಅಭ್ಯಾಸ ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಮೂರನೆಯ ವಾರ, ಒಂದು ಮಂಗಳವಾರ ರಜೆ ಹಾಕಿ, ಮಗಳನ್ನು ಕರೆದುಕೊಂಡು ಗುಡಿಗೆ ಹೋದ. "ಬೇರೆ ಊರಿನ ದೇವ್ರು ಸುಳ್ಳು ಅಂತ ತೋರ್ಸೋಕೆ ನಮ್ಮ ತಾಯಿ ಸರಿ ಅಂತ ಒಂದ್ ಸಲ ನೋಡ್ಬಿಡಾನ" ಎಂದು ದಾರಿಯುದ್ದಕ್ಕೂ ತನಗೆ ತಾನೇ ಹೇಳಿಕೊಂಡ.

ಉತ್ತರ ಮೊದಲೇ ಗೊತ್ತಿರುವ ಹತ್ತು ಪ್ರಶ್ನೆಗಳು. ಪ್ರತಿ ಪ್ರಶ್ನೆಗೂ ಹೊಸ ಹೂ. ಅಕ್ಷತ ಬರೆದುಕೊಳ್ಳಲು ನೋಟ್‌ಬುಕ್ ತಂದಿದ್ದಳು. ಇಂಥ ಪ್ರಶ್ನೆಗಳನ್ನು ಗೋವಿಂದರಾಜು ಹುಟ್ಟಿದಾಗಿನಿಂದ ಕೇಳಿರಲಿಲ್ಲ.

"ಇವತ್ತು ಮಂಗಳವಾರ ಹೌದಾ ತಾಯಿ?" ಬಲಕ್ಕೆ ಹೂ ಬಿತ್ತು. ಮುನಿಕೃಷ್ಣ ಗೆದ್ದವನಂತೆ ಮಗಳತ್ತ ನೋಡಿದ.

"ಇವತ್ತು ಬುಧವಾರ ಹೌದಾ ತಾಯಿ?" ಬಲಕ್ಕೆ ಬಿತ್ತು.

"ನಾನು ಕದಿರಮ್ಮನ ಮಗ ಹೌದಾ?" ಬಲಕ್ಕೆ. "ನಾನು ಕದಿರಮ್ಮನ ಮಗಳು ಹೌದಾ?" ಅದೂ ಬಲಕ್ಕೆ. ಶಿವಗಂಗೆ ಬೆಟ್ಟ ನಮ್ಮೂರಿಗೆ ಕಾಣುತ್ತದೆಯೇ ಎಂಬುದಕ್ಕೆ ಮಾತ್ರ ಎಡಕ್ಕೆ ಬಿತ್ತು. ಗುಡಿಯ ಬಾಗಿಲಲ್ಲಿ ನಿಂತರೆ ಬೆಟ್ಟ ಎದುರಿಗೇ ಇತ್ತು. ಅಕ್ಷತ ಬರೆಯುತ್ತಾ ಬರೆಯುತ್ತಾ ತುಟಿ ಕಚ್ಚಿಕೊಂಡಿದ್ದಳು.

ಹತ್ತು ಮುಗಿದಾಗ ಆರು ತಪ್ಪಾಗಿದ್ದವು. ಯಾವುದೇ ಗೇಜು ಹೀಗೆ ಹೇಳಿದ್ದರೆ ಮುನಿಕೃಷ್ಣ ಅದಕ್ಕೆ ಕೆಂಪು ಚೀಟಿ ಅಂಟಿಸಿ, ಸುತ್ತಿಗೆಯಿಂದ ಜಜ್ಜಿ, ಗುಜರಿಗೆ ಹಾಕಿಸುತ್ತಿದ್ದ. ಈಗ ಅವನು ಮಗಳ ನೋಟ್‌ಬುಕ್ ಇಸಿದುಕೊಂಡು ತಪ್ಪುಗಳನ್ನು ಮತ್ತೊಮ್ಮೆ ಎಣಿಸಿದ.

"ಅಮ್ಮನ್ನ ಪರೀಕ್ಷೆ ಮಾಡ್ಬಾರ್ದು ಕೃಷ್ಣಪ್ಪ," ಎಂದು ಗೋವಿಂದರಾಜು ಮೆಲ್ಲಗೆ ಹೇಳಿದ. "ಪರೀಕ್ಷೆ ಮಾಡಿದ್ರೆ ಬೇಕೂಂತ್ಲೇ ತಪ್ಪು ಹೇಳ್ತಾಳೆ."

ಮುನಿಕೃಷ್ಣನಿಗೆ ಹೋದ ಜೀವ ಬಂದಂತಾಯಿತು. "ನೋಡ್ದಾ?" ಎಂದ ಮಗಳಿಗೆ. "ಸಿಟ್ಟಾಗಿದಾಳೆ. ಸಿಟ್ಟು ಬರ್ಬೇಕಾದ್ರೆ ಇರ್ಲೇಬೇಕಲ್ವಾ?"

"ಸರಿ ಹೇಳಿದ್ರೂ ಇದಾಳೆ, ತಪ್ಪು ಹೇಳಿದ್ರೂ ಇದಾಳೆ. ಹಂಗಾದ್ರೆ ಕೇಳೋದ್ಯಾಕಪ್ಪ?" ಎಂದು ಅಕ್ಷತ ನೋಟ್‌ಬುಕ್ ಮುಚ್ಚಿದಳು. ಅಂದು ಅವನು ತಪ್ಪು ಕಾಣಿಕೆ ಹಾಕಿ, ಹನ್ನೊಂದು ಸುತ್ತು ಹಾಕಿ ಬಂದ. ಪರೀಕ್ಷೆಯ ವಿಷಯ ಮನೆಯಲ್ಲಿ ಯಾರೂ ಎತ್ತಬಾರದೆಂದು ಕಟ್ಟಪ್ಪಣೆಯಾಯಿತು.

ಶ್ರಾವಣದ ಮೊದಲ ಶನಿವಾರ ಗುಡಿಯ ಹುಂಡಿ ತೆಗೆದರು. ವರ್ಷಕ್ಕೊಂದು ಸಲ, ಊರವರ ಮುಂದೆ ತೆಗೆಯುವುದು ಪದ್ಧತಿ. ಚಿಲ್ಲರೆಯ ನಡುವೆ ಅರಿಸಿನದ ಬಟ್ಟೆಯ ಒಂದು ಗಂಟು ಇತ್ತು. ಬಿಚ್ಚಿದರೆ ಎರಡೆಳೆ ಸರ. ಕೊಂಡಿಯ ಹತ್ತಿರ ಒಂದು ಕಡೆ ದಾರ ಸುತ್ತಿ ಕಟ್ಟಿದ್ದು ಊರಿಗೆಲ್ಲ ಗೊತ್ತಿತ್ತು. ಕದಿರಮ್ಮನ ಸರ.

ಮುನಿಕೃಷ್ಣ ಅಲ್ಲೇ ಇದ್ದ. ಮನೆಗೆ ಬಂದು ತಾಯಿಯ ಮುಂದೆ ನಿಂತ. ಶಶಿರೇಖಾ ಅತ್ತೆಯ ತಲೆ ಬಾಚುತ್ತಿದ್ದವಳು ಕೈ ನಿಲ್ಲಿಸಿದಳು.

"ಅವ್ವ, ನಿನ್ ಸರ ಹುಂಡಿಲಿ ಸಿಗ್ತು."

ಕದಿರಮ್ಮ ತಲೆ ತಗ್ಗಿಸಿದಳು. "ನಾನೇ ಹಾಕಿದ್ದು ಕಣಪ್ಪ."

ಸಂಗತಿ ಹೀಗಿತ್ತು. ಸಂಕ್ರಾಂತಿಯಲ್ಲಿ ಮುನಿಕೃಷ್ಣನಿಗೆ ಎದೆ ಹಿಡಿದುಕೊಂಡು ಆಸ್ಪತ್ರೆಗೆ ಸೇರಿಸಿದ್ದರು. ಎರಡು ದಿನ ನೋಡಿ, ಹೃದಯಕ್ಕೇನೂ ಆಗಿಲ್ಲ, ಹಬ್ಬದ ಅವರೆಕಾಳಿನ ಗ್ಯಾಸು ಎಂದು ಹೇಳಿ ಕಳಿಸಿದರು. ಆ ಎರಡು ದಿನದಲ್ಲಿ ಕದಿರಮ್ಮ, ಮಗ ಎದ್ದು ಬಂದರೆ ಕತ್ತಿನ ಸರ ನಿನಗೇ ಎಂದು ಬೇಲದಮ್ಮನಿಗೆ ಹರಕೆ ಹೊತ್ತಿದ್ದಳು. ಹೇಳಿದರೆ ಹರಕೆ ಕೆಡುತ್ತದೆ, ಮಗನಿಗೆ ಮತ್ತೆ ಎದೆನೋವು ಬರುತ್ತದೆ ಎಂದು ಯಾರಿಗೂ ಹೇಳದೆ ಶಿವರಾತ್ರಿ ಮಾರನೆ ದಿನ ಗಂಟು ಕಟ್ಟಿ ಹುಂಡಿಗೆ ಹಾಕಿದ್ದಳು.

"ಮತ್ತೆ ಪದ್ಮನ ಮೇಲೆ ಬಂದಾಗ ಯಾಕೆ ಅತ್ತೆ ಸುಮ್ನಿದ್ರಿ?" ಎಂದು ಶಶಿರೇಖಾ ಬಾಚಣಿಗೆ ಕೆಳಗಿಟ್ಟು ಕೇಳಿದಳು.

"ಹೇಳಾನ ಅಂತ್ಲೇ ಇದ್ದೆ ಕಣವ್ವ. ಅಷ್ಟ್ರಲ್ಲಿ ಇವನು ಬಂದು, ತಾಯಿ ಪದ್ಮನ ಹೆಸ್ರಿಗೆ ಬಲಕ್ಕೆ ಹೂ ಕೊಟ್ಲು ಅಂದ. ನಂಗೇ ಅನುಮಾನ ಬಂದ್ಬಿಡ್ತು. ತಾಯಿ ಸುಳ್ಳು ಹೇಳ್ತಾಳಾ? ನಾನು ಹಾಕಿದ್ದೇ ಕನಸೇನೋ, ಇಲ್ಲಾ ನಾನು ಹಾಕಿದ್ಮೇಲೆ ಪದ್ಮ ಹೋಗಿ ತೆಗ್ದಳೇನೋ ಅಂದ್ಕೊಂಡೆ. ನನ್ ಕೈಯಿಗಿಂತ ತಾಯಿ ದೊಡ್ಡೋಳಲ್ವ?"

ತನ್ನ ಕತ್ತಿನಿಂದ ತಾನೇ ಬಿಚ್ಚಿದ, ತನ್ನ ಬೆರಳಿಂದ ತಾನೇ ಗಂಟು ಕಟ್ಟಿದ ಮುದುಕಿ, ಒಣಗಿದ ಒಂದು ಹೂ ಬಿದ್ದದ್ದಕ್ಕೆ ತನ್ನ ಬೆರಳುಗಳನ್ನೇ ನಂಬದೆ ಐದು ತಿಂಗಳು ಕೂತಿದ್ದಳು. ಅತ್ತ ಬೇಲದಮ್ಮ ಸರವನ್ನು ತನ್ನ ಕಾಲ ಕೆಳಗಿನ ಪೆಟ್ಟಿಗೆಯಲ್ಲೇ ಇಟ್ಟುಕೊಂಡು ಪದ್ಮಶ್ರೀಯ ಕಡೆ ಕೈ ತೋರಿಸಿದ್ದಳು. ಮನುಷ್ಯರು ಹೀಗೆ ಮಾಡಿದ್ದರೆ ಅದಕ್ಕೆ ಕಾನೂನಿನಲ್ಲಿ ಕಲಮು ಇದೆ.

ಊರು ಇದನ್ನು ತನ್ನ ರೀತಿಯಲ್ಲಿ ಅರ್ಥ ಮಾಡಿಕೊಂಡಿತು. ಮೊದಲ ದಿನ, ಕದಿರಮ್ಮನೇ ಹಾಕಿದ್ದಳಂತೆ ಎಂದಿತು. ಎರಡನೆಯ ದಿನ, ಕಳೆದ ಸರ ಹುಂಡಿಯಲ್ಲಿ ಸಿಕ್ಕಿತಂತೆ ಎಂದಿತು. ವಾರ ಕಳೆಯುವುದರೊಳಗೆ ಕಳ್ಳತನವಾದ ಸರವನ್ನು ತಾಯಿ ತಾನೇ ತಂದು ಹುಂಡಿಯಲ್ಲಿ ಇಟ್ಟಳಂತೆ ಎಂಬಲ್ಲಿಗೆ ಮಾತು ನಿಂತಿತು. ಮಾಗಡಿ, ತುಮಕೂರು ಕಡೆಯಿಂದ ಕಾರುಗಳು ಬರತೊಡಗಿದವು. ಭಕ್ತರೊಬ್ಬರು ಗರ್ಭಗುಡಿಗೆ ಒಂದು ಗೋಡೆ ಫ್ಯಾನು ಹಾಕಿಸಿಕೊಟ್ಟರು.

"ಹೋಗಿ ಪದ್ಮನ ಹತ್ರ ತಪ್ಪಾಯ್ತು ಅನ್ನಿ," ಎಂದು ಶಶಿರೇಖಾ ದಿನವೂ ಗಂಡನಿಗೆ ಹೇಳುತ್ತಿದ್ದಳು. ಮುನಿಕೃಷ್ಣನಿಗೆ ಊಟ ಸೇರುತ್ತಿರಲಿಲ್ಲ. ತಮ್ಮನ ಬೈಕು ದಾಬಸ್‌ಪೇಟೆಯ ಸರ್ಕಲ್ಲಿನಲ್ಲಿ ಎದುರಾದರೆ ತಾನೇ ಮುಖ ತಿರುಗಿಸುತ್ತಿದ್ದ. ಆದರೂ ಅವನು ನೇರವಾಗಿ ಹೋಗಲಿಲ್ಲ. ಮೊದಲು ಗುಡಿಗೆ ಹೋದ, ಕ್ಷಮೆ ಕೇಳಲೋ ಬೇಡವೋ ಎಂದು ಹೂ ಕೇಳಲು.

ಗೋವಿಂದರಾಜುವಿಗೆ ಪದ್ಮಶ್ರೀಯ ವಿಷಯ ಮನಸ್ಸಿನಲ್ಲಿ ಕೊರೆಯುತ್ತಿತ್ತು. ಬಲಗಡೆಯ ದೀಪಕ್ಕೆ ಇನ್ನೆರಡು ಬತ್ತಿ ಹಾಕಿ, ಅದನ್ನು ಅಮ್ಮನ ಹತ್ತಿರಕ್ಕೆ ಸರಿಸಿದ. ಹೂ ಅಂಟಿಸಿದ. ಎಡಕ್ಕೆ ಬಿತ್ತು.

"ಇನ್ನೊಂದ್ ಸಲ ಕೇಳಾನ ತಡಿ," ಎಂದ. ಮತ್ತೆ ಎಡಕ್ಕೆ. ಮೂರನೆಯ ಸಲವೂ ಎಡಕ್ಕೆ.

"ತಾಯಿ ಬೇಡ ಅಂತಿದಾಳೆ," ಎಂದು ಮುನಿಕೃಷ್ಣ ಎದ್ದ. ಅವನ ಮುಖದಲ್ಲಿ ಸಮಾಧಾನ ಇರಲಿಲ್ಲ.

ಗೋವಿಂದರಾಜು ತಟ್ಟೆ ಕೆಳಗಿಟ್ಟ. "ತಾಯಲ್ಲ ಕಣೋ, ಫ್ಯಾನು! ಎಡಗಡೆ ಗೋಡೆಗೆ ಹಾಕವ್ರೆ. ಅದು ಬಂದಾಗಿಂದ ಎಡಗಡೆ ಹೂವೇ ಮೊದ್ಲು ಒಣಗಿ ಬೀಳೋದು. ತಿಂಗಳಲ್ಲಿ ಮೂರು ಮದುವೆ ನಿಂತೋದವು. ಮೊದ್ಲಾದ್ರೆ ದೀಪ ಇದ್ದದ್ದು ಬಲಕ್ಕೆ, ಒಳ್ಳೇದು ಕೇಳೋಕೆ ಬಂದೋರಿಗೆ ಇನ್ನೊಂದು ಬತ್ತಿ ಹಾಕ್ತಿದ್ದೆ. ಅಪ್ಪನ ಆಸ್ತಿ ಭಾಗ ಮಾಡ್ಕೊಳಾನ ಅಂತ ಬಂದೋರಿಗೆ ದೀಪ ಎಡಕ್ಕಿಡ್ತಿದ್ದೆ. ಆವತ್ತು ನೀನು ಪಟ್ಟಿ ಹಿಡ್ಕೊಂಡು ಬಂದಾಗ ನಂಗೇನ್ ಗೊತ್ತು, ಯಾರ ಹೆಸರು ಯಾವಾಗ ಬರ್ತದೇಂತ?"

"ನಿನ್ ವಿಷಯಕ್ಕೆ ನೀನು ಅಮ್ಮನ್ನ ಏನೂ ಕೇಳಲ್ವ?" ಎಂದ ಮುನಿಕೃಷ್ಣ.

"ನಾನು ಕೇಳಿದ್ರೆ ನಾನೇ ಹೇಳ್ಬೇಕಾಗ್ತದಲ್ಲಪ್ಪ. ಮಂಡಿ ನೋವಿಗೆ ನಾನು ದಾಬಸ್‌ಪೇಟೆ ಡಾಕ್ಟ್ರತ್ರ ಹೋಗ್ತೀನಿ."

ಮುನಿಕೃಷ್ಣ ದೀಪವನ್ನು ನೋಡಿದ, ಫ್ಯಾನನ್ನು ನೋಡಿದ. ಎರಡರ ದೂರವನ್ನು ಕಣ್ಣಲ್ಲೇ ಅಳೆದ. ಇನ್ಸ್‌ಪೆಕ್ಟರಿಗೆ ಬೇಕಾದುದೆಲ್ಲ ಎದುರಿಗಿತ್ತು. ಆದರೆ ಅವನು ಹೇಳಿದ್ದು ಇಷ್ಟು: "ನಿನ್ ಕೈಲಿ ದೀಪ ಎತ್ತಿಡ್ಸೋಳೂ ಅವಳೇ, ಫ್ಯಾನ್ ಹಾಕ್ಸ್ಕೊಂಡೋಳೂ ಅವಳೇ ಅಲ್ವೇನಯ್ಯ?"

ಗೋವಿಂದರಾಜು ಕೈಮುಗಿದುಬಿಟ್ಟ, ಅಮ್ಮನಿಗಲ್ಲ, ಮುನಿಕೃಷ್ಣನಿಗೆ.

ಹಾಗೆಂದವನು ಮನೆಯ ಕಡೆ ಹೋಗಲಿಲ್ಲ. ಊರ ಬಾಗಿಲಲ್ಲಿ ಬೈಕು ತಿರುಗಿಸಿ, ದಾಬಸ್‌ಪೇಟೆಯ ದಾರಿ ಹಿಡಿದ. ಯಾಕೆ ಎಂದು ಆಮೇಲೆ ಶಶಿರೇಖಾ ಕೇಳಿದಾಗ, "ತಡೆಯೋಕಾಗ್ಲಿಲ್ಲ" ಎಂದಷ್ಟೇ ಹೇಳಿದನಂತೆ.

ಪದ್ಮಶ್ರೀ ಬಾಗಿಲು ತೆಗೆದಳು. ವೇಣುಗೋಪಾಲ ಕಾರ್ಖಾನೆಯ ಪಾಳಿಗೆ ಹೋಗಿದ್ದ. ಅವಳು ಒಳಗೆ ಬನ್ನಿ ಎನ್ನಲಿಲ್ಲ.

"ತಪ್ಪಾಯ್ತಮ್ಮ," ಎಂದ ಮುನಿಕೃಷ್ಣ ಹೊಸ್ತಿಲಾಚೆ ನಿಂತು.

"ಹೂ ಕೇಳಿ ಬಂದ್ರಾ ಭಾವ?"

"ಕೇಳ್ದೆ."

"ಬಲಕ್ಕೆ ಬಿತ್ತಾ?"

"ಎಡಕ್ಕೆ. ಮೂರು ಸಲ."

"ಮತ್ತೆ?"

"ಮತ್ತೇನು, ಬಂದೆ."

ಪದ್ಮಶ್ರೀ ಅವನನ್ನೇ ನೋಡಿದಳು. ಆಮೇಲೆ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ನೀರು ಕೊಟ್ಟಳು. ಅವನು ಕುಡಿದು ಮುಗಿಸಿದ ಮೇಲೆ, "ಎಂಬತ್ತೇಳು ಜನರ ಮುಂದೆ ಕಳ್ಳಿ ಅಂದಿದೀರ, ಇಲ್ಲಿ ನನ್ನೊಬ್ಬಳ ಮುಂದೆ ತಪ್ಪಾಯ್ತು ಅಂದ್ರೆ ಸಾಲ್ದು. ಅದೇ ಗುಂಪಲ್ಲಿ ಹೇಳಿ, ಈಗಲೇ, ನನ್ ಮುಂದೆ," ಎಂದಳು.

ಮುನಿಕೃಷ್ಣ ಫೋನು ತೆಗೆದು ಗಂಟಲು ಸರಿಮಾಡಿಕೊಂಡ. "ಬೇಲದಮ್ಮ ತಾಯಿಯ ಕೃಪೆಯಿಂದ ಸತ್ಯ ಹೊರಗೆ ಬಂದಿದೆ..."

"ತೆಗೀರಿ ಅದನ್ನ. ಕೃಪೆ ಆಗಿದ್ದು ಯಾರಿಗೆ? ಆರು ತಿಂಗಳು ಆಚೆ ಇದ್ದೋಳು ನಾನು."

ಎರಡನೆಯ ಸಲ: "ಒಂದು ತಪ್ಪು ತಿಳುವಳಿಕೆಯಿಂದಾಗಿ..."

"ಯಾರ ತಿಳುವಳಿಕೆ? ಹೆಸರು ಹೇಳಿ."

ಮೂರನೆಯದು, "ಎಲ್ಲರಿಂದಲೂ ತಪ್ಪಾಗಿದೆ" ಎಂದು ಶುರುವಾಯಿತು. ಅದನ್ನು ಅವಳು ಮುಗಿಸಲೂ ಬಿಡಲಿಲ್ಲ. ಮಾಲು ವಾಪಸ್ಸಾದಾಗ ಮುರಳಿಗೆ ಹೇಗಾಗುತ್ತಿತ್ತೋ ಮುನಿಕೃಷ್ಣನಿಗೆ ಆಗ ತಿಳಿದಿರಬೇಕು.

ನಾಲ್ಕನೆಯ ಸಲ ಅವನು ನಿಧಾನವಾಗಿ ಹೇಳಿದ: "ಪದ್ಮಶ್ರೀ ಸರ ತಗೊಂಡಿರಲಿಲ್ಲ. ಅವಳೇ ತಗೊಂಡಳು ಅಂತ ಹೇಳಿದ್ದು ನಾನು, ಮುನಿಕೃಷ್ಣ. ಹುಡುಕದೆ ಹೇಳಿದೆ. ಅದು ಸುಳ್ಳು."

ಪದ್ಮಶ್ರೀ ತಲೆಯಾಡಿಸಿದಳು. ಸಂದೇಶ ಹೋಯಿತು. "ಕಾಫಿ ಇಡ್ತೀನಿ ಭಾವ, ಕುಡ್ದು ಹೋಗಿ. ಆದ್ರೆ ನಾವು ಆ ಮನೆಗೆ ಬರಲ್ಲ. ನಾಳೆ ಒಂದು ಚಮಚ ಕಾಣದಿದ್ರೆ ಮತ್ತೆ ಗುಡಿಗೆ ಹೋಗ್ತೀರ," ಎಂದು ಅಡುಗೆಮನೆಗೆ ಹೋದಳು.

ಕಾಫಿ ಕುದಿಯುವಷ್ಟರಲ್ಲಿ ಫೋನು ಸದ್ದು ಮಾಡತೊಡಗಿತು. ಇಬ್ಬರು ಮೂವರು ಕೈಮುಗಿದರು. ಒಬ್ಬರು ದೊಡ್ಡ ಮನಸ್ಸು ಎಂದರು. ಮಾಗಡಿಯ ಚಿಕ್ಕಪ್ಪ ಆದಿನಾರಾಯಣಪ್ಪ ಧ್ವನಿ ಸಂದೇಶ ಪೂರ್ತಿ ಕೇಳಿದ್ದರೋ ಇಲ್ಲವೋ, ಹೀಗೆ ಬರೆದಿದ್ದರು: "ಕಳೆದ ಸರನ ಹುಂಡಿಲಿ ತರಿಸಿದ ತಾಯಿ ಅಂತೆ, ನಮ್ಮ ಹುಡುಗಿಗೆ ಎರಡು ಗಂಡು ಬಂದಿದೆ, ಯಾವ ಯಾವ ವಾರ ಹೂ ಕೊಡ್ತಾಳೆ?"

ಮುನಿಕೃಷ್ಣ ಅಡುಗೆಮನೆಯ ಕಡೆ ಒಮ್ಮೆ ನೋಡಿದ. ಪದ್ಮಶ್ರೀ ಬೆನ್ನು ತಿರುಗಿಸಿ ಕಾಫಿ ಸೋಸುತ್ತಿದ್ದಳು. "ಮಂಗಳವಾರ, ಶುಕ್ರವಾರ. ಬೆಳಗ್ಗ ಬನ್ನಿ" ಎಂದು ಬೆರಳಾಡಿಸಿದ. ಎರಡು ಸಲ ಓದಿದ. 'ಬೆಳಗ್ಗೆ' ಎಂಬುದರಲ್ಲಿ ಏತ್ವ ಬಿಟ್ಟುಹೋಗಿತ್ತು. ಅದನ್ನು ಸರಿಮಾಡಿ ಕಳಿಸಿದ.